ಗುರುಗಳಿಗೆ ಹೇಳಿದ ಮಾತು

ಬಡ್ತಿ ಬಂದಾಗ ಹಾವೇರಿಯ ಕೌನ್ಸೆಲಿಂಗ್‌ನಲ್ಲಿ ನನಗೆ ಮೂರು ಶಾಲೆಗಳನ್ನು ತೋರಿಸಿದರು. ಒಂದು ಗುತ್ತಲದ ಆಚೆ, ಒಂದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಡೆ, ಮತ್ತೊಂದು ನಾನು ಹುಟ್ಟಿ ಬೆಳೆದ ಊರಿನದು. ನಾನು ಹುಟ್ಟಿದೂರನ್ನೇ ಹಿಡಿದೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುವ ಸಣ್ಣ ಊರು ಅದು. ಹೆಸರು ಇಲ್ಲಿ ಬೇಡ. ಮದುವೆಯಾಗಿ ಬಂದ ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದು, ಆಗಾಗ ಅಪ್ಪನ ಮುಖ ನೋಡಬಹುದು, ತಮ್ಮನ ಹೆಂಡತಿಯ ಕೈಯ ರೊಟ್ಟಿ ಸಿಗಬಹುದು ಅಂತೆಲ್ಲ ಲೆಕ್ಕ ಹಾಕಿದ್ದೆ. ಆ ಶಾಲೆಯಲ್ಲಿ ನನಗೆ ಐದರಿಂದ ಏಳನೆಯ ಇಯತ್ತೆಯವರೆಗೆ ಗಣಿತ ಕಲಿಸಿದ ಸರ್ ಇನ್ನೂ ಕೆಲಸದಲ್ಲಿದ್ದಾರೆ ಅಂತ ಗೊತ್ತಿತ್ತು. ಆದರೆ ನಾನು ಅವರ ಮೇಲಿನ ಅಧಿಕಾರಿಯಾಗಿ ಹೋಗುತ್ತಿದ್ದೇನೆ ಅನ್ನುವುದು ತಲೆಗೆ ಹೋದದ್ದು ವಾಪಸು ಬರುವ ಬಸ್ಸಿನಲ್ಲಿ.

ಸರ್ ಹೊಸದಾಗಿ ನೌಕರಿ ಸೇರಿದ ವಯಸ್ಸಿನಲ್ಲಿ ನಮ್ಮೂರಿಗೆ ಬಂದವರು. ಅಲ್ಲಿಯೇ ಹೊಲ ಕೊಂಡರು, ಮನೆ ಕಟ್ಟಿಸಿದರು. ಬಡ್ತಿ ಒಪ್ಪಿದರೆ ಊರು ಬಿಡಬೇಕಾಗುತ್ತದೆ ಅಂತ ಪ್ರತಿ ಸಲವೂ ಬೇಡವೆಂದು ಬರೆದುಕೊಟ್ಟರು. ಹೀಗಾಗಿ ಅವರ ಕೈಯಲ್ಲಿ ಕಲಿತ ನಾನು ಮುಖ್ಯೋಪಾಧ್ಯಾಯಿನಿ, ಅವರು ಸಹಶಿಕ್ಷಕರು. ಊರಲ್ಲಿ ಅಪ್ಪಂದಿರೂ ಅವರ ಶಿಷ್ಯರು, ಮಕ್ಕಳೂ ಅವರ ಶಿಷ್ಯರು. ಹೊಲದ ಬದುವಿನ ಜಗಳವಾದರೆ ಅವರನ್ನು ಕರೆಯುತ್ತಿದ್ದರು. ಹೆಣ್ಣು ನೋಡಲು ಹೊರಟರೆ ಅವರನ್ನು ಮುಂದಿಟ್ಟುಕೊಂಡು ಹೋಗುತ್ತಿದ್ದರು.

ನಾನು ಇವತ್ತು ಓದುಬರಹದವಳಾಗಿರುವುದೂ ಅವರಿಂದಲೇ. ಏಳನೆಯದು ಮುಗಿದಾಗ ಅಪ್ಪ ನನ್ನನ್ನು ಶಾಲೆ ಬಿಡಿಸುವುದೆಂದು ತೀರ್ಮಾನಿಸಿದ್ದ. ಹೈಸ್ಕೂಲು ಬ್ಯಾಡಗಿಯಲ್ಲಿತ್ತು, ಹೆಣ್ಣು ಹುಡುಗಿ ದಿನಾ ಬಸ್ಸು ಹತ್ತುವುದು ಅವನಿಗೆ ಸರಿಬರಲಿಲ್ಲ. ಅವ್ವ ಅತ್ತಳು, ಜಗಳಾಡಿದಳು, ಎರಡು ದಿನ ಒಲೆ ಹೊತ್ತಿಸಲಿಲ್ಲ. ಅಪ್ಪ ಕದಲಲಿಲ್ಲ. ಒಂದು ಸಂಜೆ ಸರ್ ಬಂದರು. ಕಟ್ಟೆಯ ಮೇಲೆ ಕೂರಲೂ ಇಲ್ಲ, ಅಂಗಳದಲ್ಲಿ ನಿಂತೇ ಹೇಳಿದರು: “ನಾಳೆ ಈಕಿನ್ನ ಬ್ಯಾಡಗಿಗೆ ಕರಕೊಂಡು ಹೋಗಿ ಹೆಸರ ಹಚ್ಚಿ ಬಾ.” ಅಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, “ಆತ್ರಿ ಸರ್” ಅಂದ. ಅಷ್ಟೇ. ಯಾಕೆ ಅಂತ ಅಪ್ಪ ಕೇಳಲಿಲ್ಲ, ಇದಕ್ಕೆ ಅಂತ ಸರ್ ಹೇಳಲಿಲ್ಲ. ಅವ್ವ ಒಳಗಿನಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣೀರಿಗೆ ಆಗದ್ದು ಸರ್ ಅವರ ಒಂದು ಮಾತಿಗೆ ಆಯಿತು. ಅದು ಅವಳಿಗೆ ಖುಷಿಯೋ ಅವಮಾನವೋ, ನನಗೆ ಇಂದಿಗೂ ತಿಳಿದಿಲ್ಲ.

ನಾನು ಶಾಲೆಗೆ ಹಾಜರಾದ ಬೆಳಿಗ್ಗೆ ಸರ್ ಗೇಟಿನಲ್ಲಿಯೇ ನಿಂತಿದ್ದರು. ಬಿಳಿ ಅಂಗಿ, ಇಸ್ತ್ರಿಯ ಪ್ಯಾಂಟು, ಕೈಯಲ್ಲಿ ಛಡಿ. ಬೆತ್ತದ ಛಡಿ ಅದು, ಹಿಡಿದು ಹಿಡಿದು ಒಂದು ತುದಿ ನುಣುಪಾಗಿತ್ತು.

“ಬಾ ತಂಗಿ, ಬಾ,” ಅಂತ ನನ್ನನ್ನು ಆಫೀಸು ಕೋಣೆಗೆ ಕರೆದುಕೊಂಡು ಹೋದರು. ನಾನು ಗೋಡೆಯ ಪಕ್ಕದ ಸ್ಟೂಲಿನ ಹತ್ತಿರ ನಿಂತೆ. ಅವರು ಟೇಬಲ್ಲಿನ ಹಿಂದಿನ ಖುರ್ಚಿ ತೋರಿಸಿದರು.

“ಅದು ನಿನ್ನ ಖುರ್ಚಿ. ಕುಂದ್ರು.”

“ನೀವು ನಿಂತೀರಿ. ನಾ ಹೆಂಗ ಕುಂದರ್ಲ್ರಿ ಸರ್?”

“ನಾ ಹೇಳಾಕತ್ತೇನಿ, ಕುಂದ್ರು.”

ಕೂತೆ. ನಾನು ಅಧಿಕಾರ ವಹಿಸಿಕೊಂಡದ್ದು ಹೀಗೆ, ಅವರ ಆಜ್ಞೆ ಪಾಲಿಸಿ.

ಆಮೇಲಿನ ದಿನಗಳಲ್ಲಿ ಆ ಖುರ್ಚಿಯಲ್ಲಿ ನಾನು ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಸರ್ ಚಾಕ್ ತೆಗೆದುಕೊಳ್ಳಲು ಒಳಗೆ ಬಂದರೂ ನನ್ನ ಕಾಲು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಉಳಿದ ಮೂವರು ಶಿಕ್ಷಕರು ಅದನ್ನು ನೋಡಿಕೊಂಡರು. ರಜೆ ಬೇಕಾದವರು ಮೊದಲು ಸರ್ ಹತ್ತಿರ ಹೋಗಿ ಕೇಳಿ, ಅವರು ಹೂಂ ಅಂದ ಮೇಲೆ ನನ್ನ ಹತ್ತಿರ ಅರ್ಜಿ ತರುತ್ತಿದ್ದರು. ಬಿಸಿಯೂಟದ ಅಡುಗೆಯವರು ಇವತ್ತು ಏನು ಮಾಡಲಿ ಅಂತ ಅವರನ್ನೇ ಕೇಳುತ್ತಿದ್ದರು. ನನಗೆ ಇದರಿಂದ ಬೇಸರವೇನೂ ಆಗಲಿಲ್ಲ. ನಮ್ಮ ಕಡೆ ಎಲ್ಲ ಮನೆಗಳೂ ಹೀಗೆಯೇ ನಡೆಯುತ್ತವೆ. ಹೊಲದ ಪಹಣಿ ಒಬ್ಬರ ಹೆಸರಿನಲ್ಲಿ, ಬಿತ್ತನೆ ಯಾವಾಗ ಅನ್ನುವ ಮಾತು ಇನ್ನೊಬ್ಬರದು. ಸರ್ ಶಾಲೆಯನ್ನು ಚೆನ್ನಾಗಿ ನಡೆಸುತ್ತಿದ್ದರು. ಸಹಿ ನನ್ನದು, ಮಾತು ಅವರದು ಅಂತ ಒಪ್ಪಿಕೊಂಡು ನಾನೂ ಅರಾಮಾಗಿಯೇ ಇದ್ದೆ, ಛಡಿಯ ವಿಷಯ ಬರುವವರೆಗೆ.

ಹಾವೇರಿಯಲ್ಲಿ ಮುಖ್ಯೋಪಾಧ್ಯಾಯರ ತರಬೇತಿ ನಡೆಯಿತು. ಮಕ್ಕಳನ್ನು ಹೊಡೆಯುವಂತಿಲ್ಲ, ಹೊಡೆದರೆ ಮುಖ್ಯೋಪಾಧ್ಯಾಯರೇ ಹೊಣೆ ಅಂತ ಮತ್ತೊಮ್ಮೆ ಹೇಳಿ ಕಳಿಸಿದರು. ಬಂದ ಮರುದಿನ ಶಿಕ್ಷಕರ ಸಭೆಯಲ್ಲಿ ನಾನು ಅದನ್ನು ಓದಿದೆ. ಮೂವರೂ ನನ್ನ ಕಡೆ ನೋಡಲಿಲ್ಲ, ಸರ್ ಕಡೆ ನೋಡಿದರು. ಸರ್ ನಕ್ಕರು.

“ಮ್ಯಾಲಿಂದ ಬಂದದ್ದು, ಕಾಗದದಾಗ ಇರ್ಲಿ. ಏನ್ ತಂಗಿ, ನಿನಗ ಗೊತ್ತಿಲ್ಲದ್ದ ಏನೈತಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಛಡಿ ಆ ದಿನವೂ ಆಡಿತು, ಮರುದಿನವೂ ಆಡಿತು. ಆಫೀಸಿನಲ್ಲಿ ಕೂತವಳಿಗೆ ಗೋಡೆಯಾಚೆಯಿಂದ ಸದ್ದು ಕೇಳುತ್ತಿತ್ತು. ಏಟಿಗಿಂತ ಮೊದಲು ತರಗತಿ ಉಸಿರು ಹಿಡಿಯುವ ಒಂದು ಸದ್ದು ಇರುತ್ತದೆ. ಹೊಡೆಸಿಕೊಂಡು ಬೆಳೆದವರಿಗೆ ಅದು ಚೆನ್ನಾಗಿ ಗೊತ್ತು.

ಒಂದು ಮಧ್ಯಾಹ್ನ ಮಕ್ಕಳು ಜಗಲಿಯಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದರು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎಡಗೈಯಲ್ಲಿ ಅನ್ನ ಕಲೆಸುತ್ತಿದ್ದಳು. ಬಡಿಸುತ್ತಿದ್ದಾಕೆ ನೋಡಿ ಗದರಿದಳು: “ಯಾ ಕೈಲೆ ಉಣ್ಣಾಕತ್ತೀದಿ? ಮನ್ಯಾಗ ಇದನ್ನ ಕಲಿಸ್ಯಾರೇನು?” ಹುಡುಗಿ ತಲೆ ಎತ್ತಲಿಲ್ಲ. ನಾನು ಹತ್ತಿರ ಹೋಗಿ ಕೂತೆ. ಬಲಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ತೆಗೆಸಿ ನೋಡಿದರೆ ನಡುವಿನ ಎರಡು ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಬಾತಿದ್ದವು.

“ಏನಾತು?”

“ಬಿದ್ದೆರಿ ಟೀಚರ್.”

“ಎಲ್ಲಿ?”

ಪಕ್ಕದ ಹುಡುಗಿ ಮೆಲ್ಲಗೆ, “ಭಿನ್ನರಾಶಿ ತಪ್ಪಿದ್ಲ್ರಿ ಟೀಚರ್. ಕೈ ಹಿಂದಕ ಎಳಕೊಂಡ್ಲು, ಬೆರಳಿಗೆ ಬಿತ್ತು,” ಅಂದಳು. ಬೆರಳು ಬಾತ ಹುಡುಗಿ ಅವಳನ್ನು ಮೊಣಕೈಯಿಂದ ತಿವಿದಳು, ಸರ್ ಹೆಸರು ಯಾಕೆ ತಂದೆ ಅನ್ನುವ ಹಾಗೆ.

ಅವಳ ತಾಯಿಯನ್ನು ಕರೆಸಿದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದಿಂದ ಎದ್ದು ಬಂದಿದ್ದಳು; ಸೀರೆಯಿಂದ ಘಾಟು ಬರುತ್ತಿತ್ತು. ಮೂವರೂ ಬಸ್ಸು ಹತ್ತಿ ಬ್ಯಾಡಗಿಯ ಆಸ್ಪತ್ರೆಗೆ ಹೋದೆವು. ಎಲುಬು ಮುರಿದಿರಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿ, ಒಂದು ವಾರ ಬರೆಸಬೇಡಿ ಅಂದರು. ಹೊರಗೆ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುವಾಗ ತಾಯಿ ನನ್ನ ಕೈ ಹಿಡಿದುಕೊಂಡಳು. ಬೈಯುತ್ತಾಳೆ ಅಂದುಕೊಂಡೆ.

“ಅಕ್ಕೋರ, ಮಾಸ್ತರಿಗೆ ಏನೂ ಅನಬ್ಯಾಡ್ರಿ. ಅವರ ಕೈಯಾಗ ಹಾಕೇವಿ, ಬಡೀಲಿ. ಅವರು ಬಡೀಲಿಲ್ಲಂದ್ರ ನೀವು ಇವತ್ತ ಈ ಜಾಗಾದಾಗ ಇರ್ತಿದ್ರೇನ್ರಿ?”

ಬಸ್ಸಿನಲ್ಲಿ ಆ ಹುಡುಗಿ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಅಷ್ಟು ಹೊತ್ತಿಗೆ ನನಗೆ ನನ್ನ ಬಾಲ್ಯದ ಗೆಳತಿಯ ನೆನಪಾಯಿತು. ಆರನೆಯ ಇಯತ್ತೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು, ಹಾಡು ಬಹಳ ಚೆನ್ನಾಗಿ ಹೇಳುತ್ತಿದ್ದಳು. ಒಂದು ದಿನ ಭಾಗಾಕಾರ ತಪ್ಪಿ ಎರಡೂ ಕೈಗೆ ಏಟು ತಿಂದಳು. ಮರುದಿನ ಬರಲಿಲ್ಲ. ಆ ಮೇಲೆ ಎಂದೂ ಬರಲಿಲ್ಲ.

ಶಾಲೆ ಬಿಟ್ಟ ಮೇಲೆ ಸರ್ ತರಗತಿಯಲ್ಲಿ ಒಬ್ಬರೇ ಕೂತು ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, “ಒಳಗ ಬರ್ಲ್ರಿ ಸರ್?” ಅಂದೆ. ನಲವತ್ತು ದಾಟಿದವಳು, ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಅಪ್ಪಣೆ ಕೇಳಿ ಒಳಗೆ ಹೋದೆ.

ಬೆರಳಿನ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದರು. “ಬೆರಳಿಗೆ ಬೀಳಬಾರದಿತ್ತು,” ಅಂದರು. ಅವರ ದನಿಯಲ್ಲಿ ನೋವು ಇತ್ತು, ಅದು ಸುಳ್ಳಲ್ಲ. “ಕೈ ಎಳಕೊಂಡ್ಲು. ನಾಳೆ ಔಷಧದ ವ್ಯವಸ್ಥಾ ನಾ ನೋಡ್ತೇನಿ.”

“ಸರ್, ಇನ್ನ ಮ್ಯಾಲ ಛಡಿ ಬ್ಯಾಡ್ರಿ.”

ಅವರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು.

“ನಿನಗ ಬಡದಿಲ್ಲೇನು ನಾ?”

“ಬಡದೀರ್ರಿ.”

“ಏನಾತು ನಿನಗ? ಹಾಳಾದ್ಯೇನು?”

“ನನಗೇನೂ ಆಗ್ಲಿಲ್ರಿ ಸರ್. ನನ್ನ ಬಾಜೂಕ ಕುಂದರತಿದ್ಲಲ್ರಿ, ಹಾಡು ಹೇಳಾಕಿ, ಆಕಿ ಮರುದಿನದಿಂದ ಸಾಲಿಗೇ ಬರಲಿಲ್ಲ. ನೀವು ಬಡದದ್ದಕ್ಕ ಕಲ್ತೇವಿ ಅನ್ನಾವರೆಲ್ಲ ಉಳದಾವರು. ಬಿಟ್ಟು ಹೋದಾವರನ್ನ ಯಾರೂ ಕೇಳಿಲ್ರಿ.”

ಹೀಗೆ ಅವರೆದುರು ನಾನು ಎಂದೂ ಮಾತಾಡಿರಲಿಲ್ಲ. ಸರ್ ತಿದ್ದಿದ ನೋಟ್‌ಬುಕ್ಕುಗಳನ್ನು ಒಟ್ಟು ಮಾಡಿ ಒಂದು ಕಡೆ ಇಟ್ಟರು.

“ಆಕಿಗೆ ಓದು ಹತ್ತತಿರಲಿಲ್ಲ,” ಅಂದರು. ಮತ್ತೆ ನನ್ನ ಕಡೆ ತಿರುಗಿ, “ಒಂದ್ ಮಾತು ಹೇಳು ತಂಗಿ. ನೀ ಈಗ ನನ್ನ ಕೇಳಾಕತ್ತೀಯೋ, ಹೇಳಾಕತ್ತೀಯೋ?”

“ಕೇಳಾಕತ್ತೇನ್ರಿ ಸರ್.”

“ಹಂಗಾರ ಇಲ್ಲ. ಹೋಗು, ಬಸ್ಸಿನ ಹೊತ್ತಾತು.”

ಆ ಬಸ್ಸಿಗೆ ನಾನು ಹೋಗಲಿಲ್ಲ. ಅಪ್ಪನ ಮನೆಗೆ ಹೋದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಎಲೆಯಡಿಕೆ ಚೀಲ ಬಿಚ್ಚಿದ.

“ನಿನ್ನ ಓದಿಸಿದ್ದ ನಾ ಅಲ್ಲ, ಅವರು. ಅವರ ಎದುರಿಗೆ ಬಾಯಿ ತಗೀಬ್ಯಾಡ. ಇನ್ನೇನು, ಮುಂದಿನ ವರ್ಷ ಕಳದ್ರ ಅವರು ರಿಟೈರ್ ಆಗ್ತಾರ. ಆಮ್ಯಾಲೆ ನೀ ಏನರ ಮಾಡು.”

“ಅಲ್ಲೀತನಕ ಆ ಹುಡುಗಿ ಸಾಲಿ ಬಿಟ್ಟಿರ್ತಾಳ ಅಪ್ಪಾ.”

“ಎಷ್ಟೋ ಮಂದಿ ಬಿಟ್ಟಾರ.”

ಅಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮಲ್ಲಿ ದೊಡ್ಡವರನ್ನು ಎದುರಿಸುವುದಿಲ್ಲ, ಕಾಯುತ್ತೇವೆ. ಅತ್ತೆಗೆ ವಯಸ್ಸಾಗುವವರೆಗೆ ಸೊಸೆ ಕಾಯುತ್ತಾಳೆ, ಅಣ್ಣ ದಣಿಯುವವರೆಗೆ ತಮ್ಮ ಕಾಯುತ್ತಾನೆ. ಸರದಿ ಬಂದಾಗ ನಾವೂ ಹಾಗೇ ಕೂರುತ್ತೇವೆ, ಇನ್ನೊಬ್ಬರು ಕಾಯುತ್ತಾರೆ. ಗಂಡನಿಗೆ ಫೋನು ಮಾಡಿ ತಡವಾಗುತ್ತದೆ ಅಂತ ಹೇಳಿದೆ. ಅವರು ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಇರುವವರು, ಮಾತು ಕಡಿಮೆ. ಎಲ್ಲ ಕೇಳಿ, “ನಿನಗ ಏನ ಮಾಡಬೇಕಂತ ಗೊತ್ತೈತಿ. ಗೊತ್ತಿಲ್ಲದಾಂಗ ನನ್ನ ಯಾಕ ಕೇಳ್ತಿ?” ಅಂದರು. ಕೊನೆಯ ಬಸ್ಸು ಮೋಟೆಬೆನ್ನೂರು ಮುಟ್ಟುವ ಹೊತ್ತಿಗೆ ನಾನು ನಿರ್ಧರಿಸಿಯಾಗಿತ್ತು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಶಿಕ್ಷಕಿಗೆ, “ಸರ್‌ಗೆ ಆಫೀಸಿಗೆ ಬರಾಕ ಹೇಳ್ರಿ,” ಅಂದೆ. ಆಕೆ ನನ್ನನ್ನು ಎರಡು ಸಲ ನೋಡಿದಳು. ಇಷ್ಟು ದಿನ ಸರ್ ಹತ್ತಿರ ಏನೇ ಕೆಲಸವಿದ್ದರೂ ನಾನೇ ಎದ್ದು ಹೋಗುತ್ತಿದ್ದೆ. ನಾನು ಖುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತೆ. ಹೊರಗೆ ಚಪ್ಪಲಿಯ ಸದ್ದು ಕೇಳಿತು. ಮೊಣಕಾಲು ಎದ್ದೇಳಲು ನೋಡಿತು. ಹಿಡಿದು ಕೂರಿಸಿದೆ.

ಸರ್ ಬಾಗಿಲಿಗೆ ಬಂದರು. ನಾನು ಎದ್ದಿಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಅಲ್ಲಿಯೇ ಒಂದು ಗಳಿಗೆ ನಿಂತರು.

“ಬರ್ರಿ ಸರ್, ಕುಂದ್ರಿ.”

ಕೂರಲಿಲ್ಲ. ಹಿಂದೆ ಜಗಲಿಯಲ್ಲಿ ಉಳಿದ ಶಿಕ್ಷಕರು ಏನೋ ಕೆಲಸವಿದ್ದವರ ಹಾಗೆ ಓಡಾಡುತ್ತಿದ್ದರು.

“ಸರ್, ಇವತ್ತಿನಿಂದ ಈ ಸಾಲ್ಯಾಗ ಯಾರೂ ಮಕ್ಕಳನ್ನ ಬಡಿಯೂ ಹಂಗಿಲ್ಲ. ನೀವೂ ಬಡಿಯೂ ಹಂಗಿಲ್ರಿ. ನಿನ್ನೆ ಕೇಳಿದ್ದೆ. ಇವತ್ತ ಹೇಳಾಕತ್ತೇನಿ.”

ಸರ್ ಕೈಯಲ್ಲಿದ್ದ ಛಡಿಯನ್ನು ಟೇಬಲ್ಲಿನ ಮೇಲೆ, ಹಾಜರಿ ಪುಸ್ತಕಕ್ಕೆ ತಾಗದ ಹಾಗೆ, ನೇರವಾಗಿ ಇಟ್ಟರು.

“ಆತ್ರಿ ಮೇಡಂ,” ಅಂದರು.

ನನ್ನ ಜೀವಮಾನದಲ್ಲಿ ಅವರು ನನಗೆ ‘ರೀ’ ಅಂದದ್ದು ಅದೇ ಮೊದಲು. ಹುಟ್ಟಿದೂರಿನಲ್ಲಿ ನನ್ನನ್ನು ‘ನೀ’ ಅನ್ನುವವರು ಎಷ್ಟೋ ಮಂದಿ ಇದ್ದರು, ಅವರಲ್ಲೊಬ್ಬರು ಕಡಿಮೆಯಾದರು. ಅವರು ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ನಾಲ್ಕನೆಯ ಇಯತ್ತೆಗೆ ಪಾಠಕ್ಕೆ ಹೋದೆ.

ಸರ್ ಛಡಿ ಮತ್ತೆ ಮುಟ್ಟಲಿಲ್ಲ. ಆದರೆ ಆ ‘ರೀ’ಯನ್ನು ಬಿಡಲೂ ಇಲ್ಲ. “ನೀರು ಕುಡದ ಬರ್ಲ್ರಿ ಮೇಡಂ?” “ಗಂಟಿ ಬಾರಿಸಾಕ ಹೇಳ್ಲ್ರಿ ಮೇಡಂ?” ಪ್ರತಿಯೊಂದಕ್ಕೂ ಅಪ್ಪಣೆ. ವ್ಯಂಗ್ಯ ಹುಡುಕಿದರೆ ಸಿಗುತ್ತಿರಲಿಲ್ಲ. ಅಷ್ಟು ಮರ್ಯಾದೆಯಿಂದ ಕೇಳುತ್ತಿದ್ದರು. ಅದರ ಬದಲು ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತರಗತಿಯಲ್ಲಿ ಬೇರೆಯೇ ತೊಂದರೆ ಶುರುವಾಯಿತು. ಛಡಿ ಇಲ್ಲ ಅಂತ ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗಿ ಗದ್ದಲ ಎದ್ದಿತು. ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದು, ಖುರ್ಚಿಯಲ್ಲಿ ಕೂತು, ಗದ್ದಲ ನಿಲ್ಲುವವರೆಗೆ ಸುಮ್ಮನಿರುತ್ತಿದ್ದರು. ಗದ್ದಲ ನಿಲ್ಲುತ್ತಿರಲಿಲ್ಲ.

ಸುದ್ದಿ ಊರು ತುಂಬಿತು. ಅಂಗಡಿಯ ಮುಂದೆ ಹಾದರೆ ಮಾತು ನಿಲ್ಲುತ್ತಿತ್ತು. ತಮ್ಮನ ಹೆಂಡತಿ ಬಾವಿಕಟ್ಟೆಯಲ್ಲಿ ಕೇಳಿಸಿಕೊಂಡದ್ದನ್ನು ನನಗೆ ಹೇಳಲಿಕ್ಕೆ ಸಂಕಟಪಡುತ್ತಿದ್ದಳು. ಕೊನೆಗೆ ಶಾಲೆಯ ಉಸ್ತುವಾರಿ ಸಮಿತಿಯವರು ಸಭೆ ಕರೆಯಬೇಕೆಂದರು. ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ, ದೊಡ್ಡ ಕೋಣೆಯಲ್ಲಿ ಜಮಖಾನ ಹಾಸಿದೆವು. ಸಮಿತಿಯ ಗಂಡಸರು ಮುಂದೆ, ತಾಯಂದಿರು ಗೋಡೆಗೆ ಒರಗಿ. ಅಪ್ಪನೂ ಬಂದು ಬಾಗಿಲ ಹತ್ತಿರ ಕೂತ. ಅವನು ಯಾರ ಕಡೆ ಬಂದಿದ್ದ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಸಮಿತಿಯ ಅಧ್ಯಕ್ಷರು ಶುರು ಮಾಡಿದರು. ಅವರೂ ಸರ್ ಅವರ ಶಿಷ್ಯರೇ.

“ಅಕ್ಕೋರ, ನೀವು ನಮ್ಮ ಊರಿನ ಮಗಳು, ಅದಕ್ಕ ಹೇಳ್ತೇನಿ. ಮಾಸ್ತರ ಕೈ ಕಟ್ಟಿಹಾಕಿದ್ರ ಮಕ್ಕಳು ಕೆಡ್ತಾವ. ಅಂಜಿಕಿ ಇರಬೇಕ್ರಿ. ನಾವೆಲ್ಲ ಅಂಜೇ ಬೆಳದಾವರು.”

ನಾನು ಬೆರಳಿನ ಕತೆ ಹೇಳಿದೆ. ಆಸ್ಪತ್ರೆಗೆ ಹೋದದ್ದು ಹೇಳಿದೆ. “ಈ ಸಾಲಿಗೆ ನಾ ಹೆಡ್‌ಮಾಸ್ತರ ಆಗಿ ಇರೂತನಕ ಬಡಿಯೂದು ಇಲ್ರಿ. ಮಕ್ಕಳು ಕಲೀಲಿಲ್ಲಂದ್ರ ಆ ಮಾತು ನನ್ನ ಕೇಳ್ರಿ, ಸರ್‌ನ ಕೇಳಬ್ಯಾಡ್ರಿ,” ಅಂದೆ.

ಗೋಡೆಯ ಕಡೆಯಿಂದ ಆ ಹುಡುಗಿಯ ತಾಯಿ ಎದ್ದಳು. “ಅಕ್ಕೋರ, ಒಂದ್ ಮಾತ್ರಿ. ಹಂಗಾರ ನಾ ಮನ್ಯಾಗರ ಬಡೀಬಹುದೇನ್ರಿ?”

ಕೋಣೆಯೆಲ್ಲ ನಕ್ಕಿತು. ಅವಳು ನಗಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ.

“ಮನ್ಯಾಗೂ ಬ್ಯಾಡವ್ವಾ,” ಅಂದೆ.

“ಹಂಗಾರ ನನ್ನ ಮಾತು ಯಾರ್ ಕೇಳ್ತಾರ್ರಿ?” ಅಂತ ಗೊಣಗುತ್ತ ಕೂತಳು. ಅವಳ ಆ ಮಾತಿಗೆ ಯಾರೂ ನಗಲಿಲ್ಲ.

ಅಧ್ಯಕ್ಷರು ಸರ್ ಕಡೆ ತಿರುಗಿದರು. “ನೀವು ಹೇಳ್ರಿ ಗುರುಗಳ. ನೀವು ಹೂಂ ಅಂದ್ರ ನಾವು ಮ್ಯಾಲಿನವರಿಗೆ ಒಂದು ಅರ್ಜಿ ಕೊಡ್ತೇವಿ.”

ಅರ್ಜಿ ಅಂದರೆ ನನ್ನ ವರ್ಗಾವಣೆ. ಎಲ್ಲರಿಗೂ ಅರ್ಥವಾಯಿತು. ಸರ್ ಎದ್ದು ನಿಂತರು.

“ಅರ್ಜಿ ಯಾತರದು? ಈ ಸಾಲಿಗೆ ಹೆಡ್‌ಮಾಸ್ತರ ಯಾರು? ಮೇಡಂ. ಮೇಡಂ ಹೇಳಿದ್ದು ನಡೀಬೇಕು. ನಾ ಹೆಡ್‌ಮಾಸ್ತರ ಇದ್ದಿದ್ರ ನಂದು ನಡೀತಿತ್ತು. ಮಾತ ಮುಗೀತು, ಏಳ್ರಿ.”

ಎಲ್ಲರೂ ಎದ್ದರು. ಅಷ್ಟು ಬೇಗ ಎದ್ದರು ಅಂದರೆ, ಜಮಖಾನ ಮಡಚುವಾಗ ನನಗೆ ನಗು ಬಂತು, ಸಿಟ್ಟೂ ಬಂತು. ನಾನು ಅರ್ಧ ಗಂಟೆ ಕಾರಣ ಕೊಟ್ಟು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಅವರು ಕಾರಣ ಕೊಡದೆ ಹೇಳಿದ್ದು ಎಲ್ಲರಿಗೂ ಹಿಡಿಸಿತು. ಹೊಡೆಯುವುದು ತಪ್ಪು ಅಂತ ಸರ್ ಹೇಳಲಿಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರು ಕೇಳಬೇಕು ಅಂದರು, ಅಷ್ಟೇ. ನಾನು ಮೇಲಿದ್ದೆ, ಅದಕ್ಕೆ ಕೇಳಿದರು. ಅಂಗಳದಲ್ಲಿ ನಿಂತು ಅಪ್ಪನಿಗೆ ಆಜ್ಞೆ ಮಾಡಿದ ಮನುಷ್ಯ, ಆಜ್ಞೆ ತನ್ನ ಮೇಲೆ ಬಿದ್ದಾಗ ಅದನ್ನೂ ಹಾಗೆಯೇ ಹೊತ್ತುಕೊಂಡರು. ಅವರ ಮೇಲಿನ ಗೌರವ ನನಗೆ ಆ ದಿನ ಹೆಚ್ಚಾಯಿತು. ಒಪ್ಪಿಗೆ ಮಾತ್ರ ಸಿಗಲಿಲ್ಲ ಅನ್ನುವ ಕೊರತೆಯೂ ಉಳಿಯಿತು.

ಕಲಿಯದಿದ್ದರೆ ನನ್ನನ್ನು ಕೇಳಿ ಅಂತ ಸಭೆಯಲ್ಲಿ ಹೇಳಿಯಾಗಿತ್ತು. ಬರೀ ಹೇಳಿ ಕೂರುವಂತಿರಲಿಲ್ಲ. ಏಳನೆಯ ಇಯತ್ತೆಯ ಹಿಂದುಳಿದ ಮಕ್ಕಳನ್ನು ದಿನಾ ಗಣಿತದ ಅವಧಿಯಲ್ಲಿ ಜಗಲಿಗೆ ಕರೆದುಕೊಂಡೆ. ಗಂಡನ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ತಕ್ಕಡಿ, ತೂಕದ ಕಲ್ಲುಗಳನ್ನು ಚೀಲದಲ್ಲಿ ಹೊತ್ತು ತಂದೆ. ಕಂಡಕ್ಟರ್ ನೋಡಿ, “ಏನ್ ಮೇಡಂ, ವ್ಯಾಪಾರ ಸುರು ಮಾಡಿದ್ರೇನು?” ಅಂದ. ಈ ಮಕ್ಕಳು ಅವ್ವಂದಿರ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದವರು; ಪಾವು ಕಿಲೋ, ಅರ್ಧ ಕಿಲೋ ಅವರಿಗೆ ಕೈಯಲ್ಲೇ ಗೊತ್ತಿತ್ತು. ಆ ಕಲ್ಲುಗಳನ್ನಿಟ್ಟು ನಾಲ್ಕನೇ ಒಂದು ಭಾಗ, ಎರಡನೇ ಒಂದು ಭಾಗ ಅಂತ ಶುರು ಮಾಡಿದೆ. ಪಟ್ಟಿ ಬಿಚ್ಚಿದ ಬೆರಳುಗಳಿಂದ ಆ ಹುಡುಗಿ ತಕ್ಕಡಿ ಎತ್ತಿ ಹಿಡಿಯುತ್ತಿದ್ದಳು. ಎಲ್ಲರೂ ಕಲಿತರು ಅಂತ ಹೇಳಿದರೆ ಸುಳ್ಳಾದೀತು. ಕೆಲವರಿಗೆ ಹತ್ತಿತು, ಕೆಲವರಿಗೆ ಹತ್ತಲೇ ಇಲ್ಲ. ಆದರೆ ಆ ವರ್ಷ ಆ ತರಗತಿಯಲ್ಲಿ ಯಾರೂ ಶಾಲೆ ಬಿಡಲಿಲ್ಲ. ಹಿಂದುಳಿದವರು ನನ್ನ ಜೊತೆ ಜಗಲಿಗೆ ಬಂದದ್ದರಿಂದ ಸರ್ ತರಗತಿಯ ಗದ್ದಲವೂ ಇಳಿಯಿತು.

ಒಂದು ದಿನ ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಓಡಿ ಬಂದಳು. “ಟೀಚರ್, ಸರ್ ತಕ್ಕಡಿ ಕೇಳ್ಯಾರ್ರಿ.” ಕೊಟ್ಟು ಕಳಿಸಿದೆ. ಹಿಂದೆ ಹೋಗಿ ಇಣುಕಬೇಕು ಅನ್ನಿಸಿತು, ಹೋಗಲಿಲ್ಲ. ಸಂಜೆ ತಕ್ಕಡಿ ವಾಪಸು ಬಂತು. ಸಡಿಲವಾಗಿದ್ದ ಸರಪಳಿಯನ್ನು ತಂತಿಯಿಂದ ಬಿಗಿ ಮಾಡಿದ್ದರು.

ಮುಂದಿನ ವರ್ಷ ಸರ್ ನಿವೃತ್ತರಾದರು. ಊರೆಲ್ಲ ಸೇರಿತ್ತು, ರಾಣೆಬೆನ್ನೂರಿನಿಂದ, ಹಾವೇರಿಯಿಂದ ಹಳೆಯ ಶಿಷ್ಯರು ಬಂದಿದ್ದರು. ಬಂದವರಲ್ಲಿ ಹೆಚ್ಚಿನವರು ತಾವು ತಿಂದ ಏಟುಗಳ ಬಗ್ಗೆಯೇ ಪ್ರೀತಿಯಿಂದ ಮಾತಾಡಿದರು. ನಾನು ನನ್ನ ಸರದಿಯಲ್ಲಿ ಅಪ್ಪನ ಅಂಗಳದ ಸಂಜೆಯ ಬಗ್ಗೆ ಹೇಳಿದೆ. ಕೊನೆಗೆ ಅವರ ಕಾಲು ಮುಟ್ಟಿದೆ. ತಲೆಯ ಮೇಲೆ ಕೈ ಇಟ್ಟು, “ಸುಖವಾಗಿರ್ರಿ,” ಅಂದರು. ಅದೇ ‘ರೀ’. ಈಗಲೂ ದಾರಿಯಲ್ಲಿ ಸಿಕ್ಕರೆ “ಅರಾಮ ಅದೀರೇನ್ರಿ ಮೇಡಂ?” ಅಂತಲೇ ಕೇಳುತ್ತಾರೆ. ‘ನೀ’ ಅನ್ನಿರಿ ಅಂತ ಬೇಡಿಕೊಳ್ಳಬಹುದು. ಬೇಡುವುದಿಲ್ಲ. ಆ ಮಾತು ಹೇಳಿದ್ದಕ್ಕೆ ತೆತ್ತದ್ದು ಇದು ಅಂತ ಇಟ್ಟುಕೊಂಡಿದ್ದೇನೆ. ಇನ್ನೊಮ್ಮೆ ಅದೇ ದಿನ ಬಂದರೂ ಅದನ್ನೇ ಹೇಳುತ್ತೇನೆ.

ಅವರ ಜಾಗಕ್ಕೆ ಹೊಸದಾಗಿ ನೌಕರಿ ಹಿಡಿದ ಶಿಕ್ಷಕಿಯೊಬ್ಬಳು ಬಂದಿದ್ದಾಳೆ, ಮೇಡ್ಲೇರಿ ಕಡೆಯವಳು. ಈ ವರ್ಷದ ಮೊದಲಲ್ಲಿ ನಾನು ಸಭೆಯಲ್ಲಿ, ಏಳನೆಯವರಿಗೆ ಸಂಜೆ ಒಂದು ಗಂಟೆ ಹೆಚ್ಚಿನ ತರಗತಿ ಅಂತ ಹೇಳಿದೆ. ಎಲ್ಲರೂ ಹೂಂ ಅಂದರು. ಅವಳು ಅನ್ನಲಿಲ್ಲ.

“ಮೇಡಂ, ಸಂಜಿ ಬ್ಯಾಡ್ರಿ. ಹೊಲದ ಮನಿಯಿಂದ ಮೂರು ಹುಡುಗ್ಯಾರು ನಡಕೋತ ಬರ್ತಾರ. ಚಳಿಗಾಲದಾಗ ಹೊತ್ತು ಲಗೂ ಮುಳಗತೈತಿ. ಮನ್ಯಾಗ ಸಾಲಿ ಬಿಡಿಸಿಬಿಡ್ತಾರ್ರಿ.”

ಉಳಿದವರು ನೆಲ ನೋಡಿದರು. ನನ್ನ ಕಿವಿ ಬಿಸಿಯಾಯಿತು. ನಿನ್ನೆ ಮೊನ್ನೆ ಬಂದವಳು, ಎಲ್ಲರೆದುರು! ಈ ಬಿಸಿ ಎಲ್ಲಿಂದ ಬರುತ್ತದೆ ಅಂತ ಆಗ ಗೊತ್ತಾಯಿತು. ಖುರ್ಚಿಯಲ್ಲಿ ಕೂತ ಯಾರಿಗಾದರೂ ಬರುತ್ತದೆ, ಒಳ್ಳೆಯವರಿಗೂ ಬರುತ್ತದೆ. ಒಂದು ಗುಟುಕು ನೀರು ಕುಡಿದೆ.

“ನೀ ಹೇಳಿದ್ದು ಖರೇ ಐತಿ. ಹಂಗಾರ ಯಾವಾಗ ಇಡೂಣು?”

“ಮುಂಜಾನೆ ಇಡ್ರಿ. ನಾನೂ ಬರ್ತೇನಿ.”

ಹಾಗಾಗಿ ಈಗ ನಾನು ಬ್ಯಾಡಗಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿಯುತ್ತೇನೆ. ಮಾರ್ಕೆಟ್ಟಿನ ಮುಂದೆ ಹಾಯುವಾಗ ಬಸ್ಸಿನಲ್ಲಿದ್ದವರೆಲ್ಲ ಒಮ್ಮೆ ಸೀನುತ್ತಾರೆ. ಗಂಡ ಹಿಂದಿನ ದಿನವೇ ಊಟದ ಡಬ್ಬಿಗೆ ಏನು ಬೇಕು ಅಂತ ಕೇಳಿಟ್ಟುಕೊಂಡು, ಬೆಳಿಗ್ಗೆ ಚಹಾ ತಾನೇ ಮಾಡುತ್ತಾರೆ. ನಾನು ಶಾಲೆ ಮುಟ್ಟುವ ಹೊತ್ತಿಗೆ ಹೊಲದ ಮನೆಯ ಮೂವರು ಹುಡುಗಿಯರು ಬಂದು ಬೀಗ ಹಾಕಿದ ಗೇಟಿನ ಮುಂದೆ ಕುಂಟೆಬಿಲ್ಲೆ ಆಡುತ್ತಿರುತ್ತಾರೆ. ಹೊಸ ಶಿಕ್ಷಕಿ ನನಗಿಂತ ಮೊದಲು ಬಂದ ದಿನ ಅವರ ಜೊತೆ ತಾನೂ ಆಡುತ್ತಿರುತ್ತಾಳೆ.